ನಾಗರಕಲ್ಲುಗಳ ಪಕ್ಕದಲ್ಲಿ

ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಐದಾರು ಕಿಲೋಮೀಟರು ಹೋದರೆ ವಿದುರಾಶ್ವತ್ಥ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ನಾಗರಕಲ್ಲು ನಿಲ್ಲಿಸುವ ಊರು. ಒಂದರ ಹೆಗಲಿಗೊಂದು ಆತುಕೊಂಡ ಸಾವಿರಾರು ಕಲ್ಲು; ಸಂತೆ ದಿನದ ಬಸ್ಸಿನಲ್ಲೂ ಇಷ್ಟು ಇಕ್ಕಟ್ಟಿರುವುದಿಲ್ಲ. ಚಿಕ್ಕವನಿದ್ದಾಗ ಎಣಿಸಲು ಹೊರಟು ಇನ್ನೂರರ ಆಸುಪಾಸಿನಲ್ಲಿ ಲೆಕ್ಕ ತಪ್ಪಿದೆ. “ದೇವ್ರ ಕಲ್ಲು ಎಣಿಸ್ಬಾರ್ದು ಕಣೋ” ಎಂದು ಸೋದರತ್ತೆ ಅರಿಶಿನದ ಕೈಯಲ್ಲೇ ತಲೆಗೆ ಮೊಟಕಿದ್ದರು. ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅರಳಿಮರ 2001ರಲ್ಲಿ ಉರುಳಿತು. ಕಲ್ಲುಗಳಿಗೇನೂ ಬರವಿಲ್ಲ.

ಅಲ್ಲೇ ಪಕ್ಕದಲ್ಲಿ ನಡೆದದ್ದನ್ನು ಅಂದು ಯಾರೂ ಹೇಳಲಿಲ್ಲ. 1938ರ ಏಪ್ರಿಲ್ 25. ಜಾತ್ರೆಯ ದಿನಗಳು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸರ್ಕಾರ. ಹಾರಿಸಿಯೇ ಸಿದ್ಧ ಎಂದು ಜನ. ಆ ತಿಂಗಳ ಮೊದಲಲ್ಲೇ ಮದ್ದೂರಿನ ಶಿವಪುರದಲ್ಲಿ ಬಾವುಟ ಏರಿಸಿದವರು ಜೈಲು ಸೇರಿದ್ದರು. ಇಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕಕ್ಕೆ 10, ಊರಿನ ಲೆಕ್ಕಕ್ಕೆ 32. ಅವರಲ್ಲಿ ಗೌರಮ್ಮನೆಂಬ ತುಂಬು ಗರ್ಭಿಣಿಯೂ ಒಬ್ಬಳೆನ್ನುತ್ತಾರೆ. ಮಕ್ಕಳ ಹರಕೆಯ ಊರಿನಲ್ಲಿ!

ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಇದಕ್ಕೆ ಹೆಸರು. ನನಗೇಕೋ ಆ ಹೋಲಿಕೆ ಪೂರ್ತಿ ಒಗ್ಗುವುದಿಲ್ಲ. ಅಲ್ಲಿ ಡಯರ್ ಇದ್ದ, ಬಯ್ಯುವುದು ಸುಲಭ. ಇಲ್ಲಿಯದು ನಮ್ಮದೇ ಸಂಸ್ಥಾನದ ಪೊಲೀಸು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನಗಿರಿಯಲ್ಲಿ ಮಿರ್ಜಾ ಇಸ್ಮಾಯಿಲ್ ಸಾಹೇಬರು. ನಾಲ್ವಡಿಯವರ ಪಟ ನಮ್ಮ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇತ್ತು. ಕನ್ನಂಬಾಡಿ ಕಟ್ಟಿಸಿದ ದೊರೆ, ಇನ್ನೆಲ್ಲಿ ನೇತುಹಾಕುತ್ತಾರೆ? ವಿಷಯ ತಿಳಿದ ಮೇಲೂ ಆ ಪಟ ಇಳಿಸಲು ನನಗೆ ಮನಸ್ಸಾಗಿಲ್ಲ. ‘ರಾಜರ್ಷಿ’ ಎನ್ನುವಾಗ ಮಾತ್ರ ನಾಲಿಗೆ ಒಂದು ಗಳಿಗೆ ತಡೆಯುತ್ತದೆ.

ಆಮೇಲೆ ಕಾಂಗ್ರೆಸ್ಸಿನ ಕಡೆಯಿಂದ ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದರು, ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನದೂ ಹಾರಬಹುದಂತೆ. ಇನ್ನೊಂದು ಕಂಬ ನೆಟ್ಟರೆ ಮುಗಿಯುತ್ತಿದ್ದ ಕೆಲಸ! ಜನ ಕೇಳುತ್ತಿದ್ದ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, ಅದೂ ಅರಮನೆಯ ವಿರುದ್ಧ ‘ಮೈಸೂರು ಚಲೋ’ ಮಾಡಿದ ಮೇಲೆ.

ಆ ಕಡೆ ಹೋದಾಗ ನಾಗಪ್ಪನಿಗೆ ಹಾಲೆರೆದು, ಹುತಾತ್ಮರ ಸ್ಮಾರಕದ ಕಡೆಗೂ ನಾಲ್ಕು ಹೆಜ್ಜೆ ಹಾಕಿ. ಅಲ್ಲಿ ಹೆಸರುಗಳನ್ನು ಎಣಿಸಿದರೆ ಯಾರೂ ಮೊಟಕುವುದಿಲ್ಲ.