ಮಾಡ್ತಿದ್ದಾರೆ, ಮಾಡಿದ್ದಾರೆ

2020ರ ಮಾರ್ಚ್ 14, ಶನಿವಾರ. ಬೆಳ್‌ಬೆಳಿಗ್ಗೆನೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಿಂದ ಅಕ್ಕನ ಫೋನು. ಭಾವನಿಗೆ ಎರಡು ದಿನದಿಂದ ಜ್ವರ, ಕೆಮ್ಮು.

"ಕೊರೋನಾ ಟೆಸ್ಟಿಗೆ ಗೂಗಲ್‌ನೋರು ವೆಬ್‌ಸೈಟ್ ಮಾಡಿದ್ದಾರಂತೆ ಕಣೋ, ಟ್ರಂಪ್ ಹೇಳಿದ್ರು. ಸಿಗ್ತಾನೇ ಇಲ್ಲ. ನೀನು ಇಂಜಿನಿಯರ್ ಅಲ್ವಾ, ಹುಡುಕು."

ಹುಡುಕಿದೆ. ಇದ್ದರೆ ತಾನೇ ಸಿಗೋದು!

ಹಿಂದಿನ ದಿನ ಶ್ವೇತಭವನದ ತೋಟದಲ್ಲಿ ನಿಂತು ಟ್ರಂಪ್ ಹೇಳಿದ್ದು, ಗೂಗಲ್‌ನ 1,700 ಇಂಜಿನಿಯರುಗಳು ಇದರ ಕೆಲಸ ಮಾಡ್ತಿದ್ದಾರೆ ಅಂತ. ಆಮೇಲೆ ನೋಡಿದ್ರೆ, ಮಾಡ್ತಿದ್ದದ್ದು ಗೂಗಲ್ ಅಲ್ಲ, ಅದರ ಮಾತೃಸಂಸ್ಥೆ ಆಲ್ಫಾಬೆಟ್‌ನ ಇನ್ನೊಂದು ಕೂಸು ವೆರಿಲಿ. ಅದೂ ಇನ್ನೂ ಆರಂಭದ ಹಂತದಲ್ಲಿ. 1,700 ಅನ್ನೋದು ಸಹಾಯ ಮಾಡ್ತೀವಿ ಅಂತ ಕೈ ಎತ್ತಿದವರ ಲೆಕ್ಕ. ಅಲ್ಲಿನ ಭಾನುವಾರ ರಾತ್ರಿ ಸೈಟೇನೋ ಬಂತು, ಸ್ಯಾಂಟಾ ಕ್ಲಾರಾ ಮತ್ತು ಸ್ಯಾನ್ ಮಟೇಯೋ ಅನ್ನೋ ಎರಡೇ ಕೌಂಟಿಗಳಿಗೆ. ಅಕ್ಕನ ಊರು ಅದರಲ್ಲಿಲ್ಲ.

ನಗಬೇಕು ಅನ್ನಿಸ್ತು, ಆದ್ರೆ ನಗು ಬರಲಿಲ್ಲ. ಆಗ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳು. ಅದೇ ವಾರ ಕ್ಲೈಂಟ್ ಕಾಲ್‌ನಲ್ಲಿ ನಮ್ಮ ಮ್ಯಾನೇಜರ್ "ಆ ಸ್ಕ್ರೀನ್ ರೆಡಿ" ಅಂದಿದ್ದರು. ನಾನಿನ್ನೂ ಹಾಳೆ ಮೇಲೆ ನಾಲ್ಕು ಡಬ್ಬ ಬರೆದಿದ್ದೆ, ಅಷ್ಟೇ. ಮೈಕ್ ಮ್ಯೂಟ್ ಮಾಡ್ಕೊಂಡು ಸುಮ್ಮನಿದ್ದೆ.

ಮಾಡ್ತಿದ್ದಾರೆ, ಮಾಡಿದ್ದಾರೆ... ಮಧ್ಯೆ ಒಂದು ತಕಾರದ ವ್ಯತ್ಯಾಸ. ಆ ತಕಾರದೊಳಗೆ ಎಷ್ಟು ನಿದ್ದೆಗೆಟ್ಟ ರಾತ್ರಿ ಇರುತ್ತೆ ಅಂತ ನಮಗೆ ಗೊತ್ತು. ಜ್ವರ ಬಂದವರ ಮನೆಯಲ್ಲಿ ಅದು ಕೇಳಿಸೋದೇ ಇಲ್ಲ.

ಭಾವ ಹುಷಾರಾದರು. ಟೆಸ್ಟ್ ಆಗಲೇ ಇಲ್ಲ, ಬಂದಿದ್ದು ಯಾವ ಜ್ವರ ಅಂತ ಇವತ್ತಿಗೂ ಗೊತ್ತಿಲ್ಲ. ಈಗ ಯಾರಾದ್ರೂ "ರೆಡಿ" ಅಂದ್ರೆ, "ಲಿಂಕ್ ಕಳಿಸಿ" ಅಂತೀನಿ. ಮೈಕ್ ಆನ್ ಮಾಡ್ಕೊಂಡೇ.