ಸೊನ್ನೆ ಎಂದು ಬರೆದ ಕೂಲಿ

ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಬದುಕಿರುವವರೆಗೂ. ಏರಿಸಿದ ರಕ್ತದ ಕಬ್ಬಿಣ ಮೈಯಲ್ಲೇ ಉಳಿದು ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತದೆ. ಅದನ್ನು ಹೊರಹಾಕಲು ಡಿಫೆರಾಸಿರಾಕ್ಸ್‌ನಂಥ ಮಾತ್ರೆ ದಿನವೂ ಬೇಕು. ಇನ್ನೊಂದು ದಾರಿ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದ ಒಬ್ಬರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲೊಂದು. ಹೊಂದಿದರೆ, ಯಕೃತ್ತು ಕೆಡುವ ಮೊದಲೇ ಕಸಿ ಆದರೆ, ಹೆಚ್ಚಿನ ಮಕ್ಕಳು ರಕ್ತದ ಹಂಗಿಲ್ಲದೆ ಬೆಳೆಯುತ್ತಾರೆ. ಆದರೆ ಕಸಿಯ ಹಣ ಒಂದೇ ಸಲಕ್ಕೆ ಬೇಕು. ಕೋಲ್ ಇಂಡಿಯಾ 2017ರಲ್ಲಿ ಶುರು ಮಾಡಿದ ಬಾಲ ಸೇವಾ ಯೋಜನೆ ಇದಕ್ಕಾಗಿ ಕೊಡುವ ನೆರವು 10 ಲಕ್ಷ ರೂಪಾಯಿವರೆಗೆ.

ಎರಡರಲ್ಲಿ ಯಾವುದಕ್ಕೆ ಹಣ ಹಾಕಿದರೆ ಹೆಚ್ಚು ಫಲ ಎಂದು ಲೆಕ್ಕ ಕಟ್ಟಿಕೊಡುವಂತೆ ಮಕ್ಕಳ ಚಿಕಿತ್ಸೆಗೆ ನೆರವಾಗುವ ಒಂದು ನಿಧಿಯವರು ನನ್ನನ್ನು ಕೇಳಿದ್ದರು. ನಾನು ಕೊಟ್ಟ ಲೆಕ್ಕ ತಪ್ಪಾಗಿತ್ತು.

ರಕ್ತ ಏರಿಸುವ ವಾರ್ಡಿನಲ್ಲಿ ಮಂಚದ ಪಕ್ಕ ಕೂತು ನಾನೇ ನಮೂನೆಗಳನ್ನು ತುಂಬಿದ್ದೆ. ತಾಯಿಯ ಉದ್ಯೋಗ: ಗೃಹಿಣಿ. ತಿಂಗಳ ಆದಾಯ: ಇಲ್ಲ. ಹಾಗಾಗಿ ಅವಳು ಕಳೆದುಕೊಂಡ ದುಡಿಮೆಯ ಕಾಲಂನಲ್ಲಿ ಸಾಲುಸಾಲು ಸೊನ್ನೆ. ಈ ಮಕ್ಕಳಿಗೆ ರಕ್ತವೂ ಉಚಿತ. ರಕ್ತದ ದಾರಿ ಅಗ್ಗವಾಗಿ ಕಂಡಿತು.

ವರದಿ ಕೊಟ್ಟ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಅದೇ ವಾರ್ಡಿಗೆ ಹೋಗಿದ್ದಾಗ ಒಬ್ಬ ತಾಯಿ ಮಾತಿನ ನಡುವೆ ಹೇಳಿದರು: "ಮಗೂಗೆ ಹಿಂಗಾಗೋಕ್ ಮುಂಚೆ ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ. ಮೂರು ವಾರಕ್ಕೊಂದ್ಸಲ ರಜಾ ಯಾರ್ ಕೊಡ್ತಾರೆ?" ಅವರ ನಮೂನೆಯಲ್ಲೂ ನಾನು ಗೃಹಿಣಿ ಎಂದೇ ಬರೆದಿದ್ದೆ. ಕಾಯಿಲೆ ನುಂಗಿಹಾಕಿದ ಸಂಬಳವನ್ನು ಯಾವತ್ತೂ ಇಲ್ಲದ ಸಂಬಳ ಎಂದು ಎಣಿಸಿದ್ದೆ. ಮಗುವಿನ ಕಾಯಿಲೆ ಮನೆಯನ್ನು ಎಷ್ಟು ಹೆಚ್ಚು ಹಿಂಡುತ್ತದೋ ಅಷ್ಟು ಕಡಿಮೆ ಖರ್ಚು ತೋರಿಸುವಂಥ ಲೆಕ್ಕ ಅದು. ನಸುಕಿನ ಬಸ್ಸು, ರಕ್ತಪರೀಕ್ಷೆಯ ಸರದಿ, ಗಂಟೆಗಟ್ಟಲೆ ಇಳಿಯುವ ರಕ್ತದ ಚೀಲ, ಕತ್ತಲಾದ ಮೇಲೆ ಊರು. ಇದೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಇನ್ನೊಂದು ಲೋಪವೂ ಇತ್ತು. ಮುಂದೆ ಬರುವ ಖರ್ಚು, ಫಲ ಎರಡನ್ನೂ ವರ್ಷಕ್ಕೆ ಶೇ. 3ರಂತೆ ಇಳಿಸಿ ಎಣಿಸುವುದು ಇಂಥ ಲೆಕ್ಕಗಳಲ್ಲಿ ರೂಢಿ. ಹಾಗೆ ಇಳಿಸಿದರೆ 30 ವರ್ಷದಾಚೆಯ ಒಂದು ರೂಪಾಯಿ ಇವತ್ತಿನ 41 ಪೈಸೆ. ಆರೋಗ್ಯವಾಗಿ ಬಾಳುವ 60 ವರ್ಷ ಕಾಗದದ ಮೇಲೆ 28 ವರ್ಷಕ್ಕೂ ಕಡಿಮೆ. ಎಪ್ಪತ್ತರ ಮುದುಕರ ಚಿಕಿತ್ಸೆಯಲ್ಲಿ ಈ ನಿಯಮ ಅಷ್ಟಾಗಿ ಕಾಡುವುದಿಲ್ಲ. ಖರ್ಚೆಲ್ಲ ಇವತ್ತು, ಫಲವೆಲ್ಲ ದೂರ ಎಂಬಂಥ ಮಗುವಿನ ಕಸಿಗೆ ಇದು ಬಲವಾಗಿ ಹೊಡೆಯುತ್ತದೆ. ನಿಯಮವೇ ಬೇಡ ಎನ್ನುವವನಲ್ಲ ನಾನು. ದರ ಬದಲಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ತೋರಿಸಬೇಕಿತ್ತು, ತೋರಿಸಲಿಲ್ಲ.

ನನ್ನ ವರದಿ ನಂಬಿ ನಿಧಿಯವರು ರಕ್ತಕ್ಕೂ ಮಾತ್ರೆಗೂ ಹಣ ಕೊಟ್ಟರು. ಕಸಿಯನ್ನು ಮುಂದಕ್ಕೆ ಹಾಕಿದರು. ಮಗುವಿಗೆ ಈ 'ಮುಂದಕ್ಕೆ' ಅಂದರೆ ಇನ್ನಷ್ಟು ಕಬ್ಬಿಣ, ಊದಿದ ಯಕೃತ್ತು, ಕಸಿಯಲ್ಲಿ ಹೆಚ್ಚುವ ಅಪಾಯ. ತಾಯಂದಿರನ್ನು ಮತ್ತೆ ಕೇಳಿ, ಲೆಕ್ಕ ತಿದ್ದಿ, ಎರಡನೆಯ ವರದಿ ಕೊಟ್ಟೆ. ನಿಧಿಯವರು ನಿರ್ಧಾರ ಬದಲಿಸಿದರು. ಅಷ್ಟರೊಳಗೆ ಹೊಂದುವ ಮಜ್ಜೆ ಸಿಕ್ಕಿಯೂ ಕಾದ ಮಕ್ಕಳಿದ್ದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ಅವರ ಫೆರಿಟಿನ್ ಪರೀಕ್ಷೆಗಳನ್ನು ನಾನು ನೋಡಿದೆ. ಸಂಖ್ಯೆ ಏರಿತ್ತು.

ಈಗ ನನ್ನ ನಮೂನೆಯಲ್ಲಿ "ಮಗುವಿಗೆ ಕಾಯಿಲೆ ಗೊತ್ತಾಗುವ ಮೊದಲು ಏನು ಕೆಲಸ ಮಾಡುತ್ತಿದ್ದಿರಿ?" ಎಂಬ ಪ್ರಶ್ನೆಯಿದೆ. ಸಂಬಳಕ್ಕೆ ಹೋಗದೆ ಇದ್ದವರ ದಿನಕ್ಕೂ ಕನಿಷ್ಠ ಕೂಲಿಯ ದರ ಹಾಕುತ್ತೇನೆ. ಕೈಗೆ ಬಾರದ ದುಡ್ಡನ್ನು ಖರ್ಚು ಎನ್ನುವುದು ಹೇಗೆ ಎಂದು ತಕರಾರು ತೆಗೆಯುವ ಸಹೋದ್ಯೋಗಿಗಳಿದ್ದಾರೆ. ಅವರಿಗಾಗಿ ಆಸ್ಪತ್ರೆಯದು, ಮನೆಯದು ಎಂದು ಕೋಷ್ಟಕ ಎರಡು ಮಾಡುತ್ತೇನೆ. ಮನೆಯದನ್ನು ಮೊದಲ ಪುಟದಲ್ಲಿಡುತ್ತೇನೆ.