ತಿಳಿದದ್ದು ಎಲ್ಲಿಂದ?

ಐದನೆಯ ತರಗತಿಯಲ್ಲಿ ನಾಡಿನ ಮಹನೀಯರ ಚರಿತ್ರೆಯನ್ನು ಬೋಧಿಸುವಾಗ ನಾನು ಮಕ್ಕಳಿಂದ ಕಂಠಪಾಠಕ್ಕಿಂತ ಮಿಗಿಲಾಗಿ ‘ಇದು ತಿಳಿದದ್ದು ಎಲ್ಲಿಂದ?’ ಎಂಬ ವಿಚಾರಣೆಯನ್ನು ಬಯಸುತ್ತೇನೆ. ಕಿತ್ತೂರು ರಾಣಿ ಚೆನ್ನಮ್ಮನ ಪಾಠವನ್ನೇ ಉದಾಹರಿಸಬಹುದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಹತನಾದನು. ಕಂಪನಿ ಸರಕಾರಕ್ಕೆ ಅದು ದಂಗೆ. ನಮ್ಮ ಲಾವಣಿಕಾರರಿಗೆ ವಿಜಯ. ಎರಡನ್ನೂ ತಿಳಿಸಿದಾಗ ಬಾಲಕಿಯೊಬ್ಬಳು, “ಗುರುಗಳೇ, ಯಾವುದನ್ನು ನಂಬಬೇಕು?” ಎಂದಳು. “ಇಬ್ಬರೂ ಒಪ್ಪುವುದನ್ನು ಮೊದಲು ಬರೆ, ಭಿನ್ನವಾಗಿ ಹೇಳುವಲ್ಲಿ, ಹೇಳುವವರು ಯಾರೆಂದು ಕೇಳು” ಎಂದೆನು. ಥ್ಯಾಕರೆಯ ಮರಣವನ್ನು ವೈರಿಯೂ ಅಲ್ಲಗಳೆಯಲಿಲ್ಲವೆಂಬುದನ್ನು ಆಕೆ ತಾನೇ ಕಂಡುಕೊಂಡಳು. 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ರಾಣಿಯ ಸಮಾಧಿಯು ಬೈಲಹೊಂಗಲದಲ್ಲಿರುವುದನ್ನೂ ಬರೆದುಕೊಂಡಳು. ಹೀಗೆ ಶೋಧಿಸಿ ಪಡೆದ ಗೌರವವನ್ನು ಮುಂದೆ ಯಾರ ಕುತರ್ಕವೂ ಕದಲಿಸಲಾರದೆಂದು ನನ್ನ ನಂಬುಗೆ.